ಅಂತಿಮ ತೀರ್ಮಾನ ನನ್ನದೇ

ಲೋಕದಲ್ಲಿ ಜನ ಸುಳ್ಳು ಹೇಳುವುದಕ್ಕೆ ನೂರೆಂಟು ಕಾರಣಗಳಿರುತ್ತವೆ. ದೂರಿನಕ್ಕ ಹೇಳಿದ್ದು ಬೆನ್ನ ಹಿಂದೆ ನಿಂತವರು ಉಸ್ಸಪ್ಪಾ ಎನ್ನುತ್ತಿದ್ದರು ಎಂಬ ಒಂದೇ ಕಾರಣಕ್ಕೆ. ಆದರೆ ಹೇಳಿದ ಮೇಲೆ ಅದು ಬಾಯಿಗೆ ಎಷ್ಟು ರುಚಿಸಿತೆಂದರೆ, ತಡೆಯಲಾರದೆ ಇನ್ನೊಂದನ್ನೂ ಹೇಳಿಬಿಟ್ಟಳು.

ದೂರಿನಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಆಫೀಸು ಇಟ್ಟದ್ದು. ಅವಳ ಕಂಪನಿ ಹಲ್ಲಿನ ಡಾಕ್ಟರರ ಹತ್ತಿರ ಹೋಗುವ ಹೊತ್ತನ್ನು ಮನೆಯಲ್ಲೇ ಕೂತು ಗೊತ್ತುಮಾಡಿಕೊಳ್ಳುವ ಆ್ಯಪ್ ಒಂದನ್ನು ಮಾಡಿತ್ತು. ಆ ಆ್ಯಪ್ ಕೈಕೊಟ್ಟಾಗಲೆಲ್ಲ ಜನ ಫೋನ್ ಮಾಡಿ ಬೈಯುತ್ತಿದ್ದರು. ಹಾಗೆ ಬೈಸಿಕೊಳ್ಳುವ ಕುರ್ಚಿಯಲ್ಲಿ ಹನ್ನೊಂದು ವರ್ಷ ಕೂತವಳು ನಮ್ಮ ದೂರಿನಕ್ಕ. ಸುಮ್ಮನೆ ಬೈಯುವವರ ಮಾತು ಬೇರೆ, ಹಲ್ಲುನೋವು ಇಟ್ಟುಕೊಂಡು ಬೈಯುವವರ ಮಾತು ಬೇರೆ. ಅಂತೂ ಅವಳ ಪುಣ್ಯ ಹಣ್ಣಾಗಿ, ಆ್ಯಪ್ ಹೇಗಿರಬೇಕೆಂದು ಗೊತ್ತುಮಾಡುವ ಪ್ರಾಡಕ್ಟ್ ವಿಭಾಗಕ್ಕೆ ಆರು ತಿಂಗಳ ಮಟ್ಟಿಗೆ ಪರೀಕ್ಷಾರ್ಥವಾಗಿ ಕರೆಸಿಕೊಂಡಿದ್ದರು. ಆ ಆರು ತಿಂಗಳು ಮುಗಿಯುವ ಈ ತಿಂಗಳ ಕೊನೆಗೆ ಖಾಯಂ ಆದರೆ ಆಯಿತು. ಆಗದಿದ್ದರೆ ಮತ್ತೆ ಅದೇ ಫೋನು, ಅದೇ ಹಲ್ಲು.

ಖಾಯಂ ಮಾಡಬೇಕಾದವರು ದೊಡ್ಡ ಸಾಹೇಬರು. ಒಳ್ಳೆಯವರು. ಒಂದೇ ಕೊರತೆ, ಅವರಿಂದ ಯಾವ ತೀರ್ಮಾನವೂ ಹೊರಬೀಳುತ್ತಿರಲಿಲ್ಲ. ಆ್ಯಪಿನಲ್ಲಿ ‘ಮುಂದೆ’ ಎಂಬ ಗುಂಡಿ ಎಡಗಡೆ ಇರಬೇಕೋ ಬಲಗಡೆ ಇರಬೇಕೋ ಎಂಬ ಪ್ರಶ್ನೆ ಎರಡು ವರ್ಷದಿಂದ ಅವರ ಮೇಜಿನ ಮೇಲಿತ್ತು. ತೀರ್ಮಾನವಾಗುವವರೆಗೆ ಇರಲಿ ಎಂದು ಅದನ್ನು ನಡುವೆ ಇಟ್ಟಿದ್ದರು. ನಡುವೆ ಅದು ಡಾಕ್ಟರರ ಫೋಟೋದ ಮೂಗಿನ ಮೇಲೆ ಕೂರುತ್ತಿತ್ತು.

ಇಂಥ ಸಾಹೇಬರ ಕೈಗೆ ಪ್ರಾಡಕ್ಟ್ ಮ್ಯಾನೇಜರುಗಳ ಎರಡು ದಿನದ ಕಾನ್ಫರೆನ್ಸಿನ ಒಂದೇ ಒಂದು ಟಿಕೆಟ್ ಬಂತು. ವಿಭಾಗದಲ್ಲಿ ಮ್ಯಾನೇಜರುಗಳು ಇಬ್ಬರು, ಒಬ್ಬ ಉದ್ದ, ಒಬ್ಬ ಗಿಡ್ಡ. ಇಬ್ಬರೂ ನಾನು ಹೋಗುತ್ತೇನೆಂದು ಹಟ ಹಿಡಿದರು. ಸಾಹೇಬರು ವಾರವಿಡೀ ಉದ್ದದವನನ್ನು ನೋಡಿದರು, ಗಿಡ್ಡದವನನ್ನು ನೋಡಿದರು. ಕಾನ್ಫರೆನ್ಸಿನ ಹಿಂದಿನ ಸಂಜೆ ಇಬ್ಬರನ್ನೂ ನೋಡಲಾರದೆ ಮುಖ ತಿರುಗಿಸಿದಾಗ, ಮುಖ ತಿರುಗಿದ ಕಡೆ ದೂರಿನಕ್ಕ ಚೀಲ ಹೆಗಲಿಗೇರಿಸುತ್ತ ನಿಂತಿದ್ದಳು.

“ಅಕ್ಕ, ನೀವೇ ಹೋಗಿ ಬಂದ್ಬಿಡಿ,” ಎಂದರು ಸಾಹೇಬರು. “ಹೇಳಿದ್ದು ಕೇಳಿ, ತಲೆ ಆಡ್ಸಿ, ಊಟ ಮಾಡಿ. ಆದ್ರೆ ಯಾರ ಹತ್ರಾನೂ ಏನನ್ನೂ ಒಪ್ಕೋಬೇಡಿ. ಒಪ್ಕೊಂಡ್ರೋ, ನಿಮ್ಮ ಖಾಯಂ ವಿಷ್ಯ ಆಮೇಲೆ ನನ್ನ ಕೈಲಿಲ್ಲ.”

ಅಲ್ಲಿಯವರೆಗೆ ಅದು ಅವರ ಕೈಯಲ್ಲಿತ್ತು ಎಂಬುದೇ ದೂರಿನಕ್ಕನಿಗೆ ಸಮಾಧಾನ ತಂದಿತು.

ಮರುದಿನ ಬೆಳಿಗ್ಗೆ ಸಭಾಂಗಣದ ಬಾಗಿಲಲ್ಲಿ ಸಾಲು ಹಾವಿನ ಹಾಗೆ ಬಳುಕಿತ್ತು. ಮೇಜಿನ ಹಿಂದೆ ಕೂತ ಹೆಣ್ಣುಮಗಳು ತಲೆ ಎತ್ತದೆ ಕಂಪ್ಯೂಟರ್ ಕುಟ್ಟುತ್ತಿದ್ದಳು.

“ವಿಭಾಗ?”

“ಪ್ರಾಡಕ್ಟು. ಆದ್ರೆ ಇನ್ನೂ—”

“ಪ್ರಾಡಕ್ಟ್. ಸರಿ. ನಿಮ್ಮ ಸಂಸ್ಥೇಲಿ ಏನಾದ್ರೂ ಕೊಳ್ಳೋದಿದ್ರೆ ಅಂತಿಮ ತೀರ್ಮಾನ ಯಾರ್ದು?”

ದೂರಿನಕ್ಕ ಬಾಯಿ ತೆರೆದವಳು ಹಾಗೇ ನಿಂತಳು. ಹುಟ್ಟಿದಾರಭ್ಯ ಯಾರೂ ಅವಳನ್ನು ಕೇಳದ ಪ್ರಶ್ನೆ ಅದು. ಮನೆಯಲ್ಲಿ ಇಂದು ಏನು ಅಡುಗೆ ಎಂಬುದು ಅತ್ತೆಯ ತೀರ್ಮಾನ. ಯಾವ ಫ್ರಿಜ್ ಎಂಬುದು ಗಂಡನದು. ಕಿಟಕಿಯ ಪರದೆ ಯಾವ ಬಣ್ಣ ಎಂಬುದು, ಬೇರೆ ಮನೆಯಲ್ಲಿರುವ ನಾದಿನಿಯದು. ತನ್ನ ಕೂದಲು ಎಷ್ಟು ಉದ್ದ ಇರಬೇಕು ಎಂಬುದನ್ನು ಕೂಡ ಕತ್ತರಿಸುವವಳೇ ತೀರ್ಮಾನಿಸುತ್ತಿದ್ದಳು. ಕನ್ನಡಿ ತೋರಿಸಿ “ಚೆನ್ನಾಗಿದೆ ಅಲ್ವಾ” ಎಂದಾಗ ಇವಳು ಹೂಂಗುಟ್ಟಿ ಬರುತ್ತಿದ್ದಳು.

ಹಿಂದಿನಿಂದ ಯಾರೋ, “ಉಸ್ಸಪ್ಪಾ, ಇಲ್ಲೇ ಮಧ್ಯಾಹ್ನ ಆಗುತ್ತೆ” ಎಂದರು.

“ನನ್ನದೇ,” ಎಂದಳು ದೂರಿನಕ್ಕ.

“ಪೂರ್ತಿ ನಿಮ್ದೇನಾ? ಮೇಲಿನವರನ್ನ ಕೇಳೋದೇನಾದ್ರೂ...”

“ನಾನು ಯಾರನ್ನ ಕೇಳೋದು?” ಎಂದುಬಿಟ್ಟಳು. ಇದೇ ಆ ಎರಡನೆಯದು.

ಮೇಜಿನವಳು ಮೊದಲ ಸಲ ತಲೆ ಎತ್ತಿ ನೋಡಿದಳು. ದನಿಗೆ ಸಕ್ಕರೆ ಬಂತು. “ನಿಮ್ಮ ತೀರ್ಮಾನ ಕಾಯೋರು ಎಷ್ಟು ಜನ ಇರಬಹುದು ಮೇಡಂ?”

ದೂರಿನಕ್ಕ ತಿರುಗಿ ಸಾಲನ್ನು ನೋಡಿದಳು. “ತುಂಬಾ ಜನ.”

“ಐದು ಸಾವಿರಕ್ಕೆ ಮೇಲಾ?”

“ಈ ನೂಕುನುಗ್ಗಲು ನೋಡಿದ್ರೆ ಮೇಲೇ ಇರ್ಬಹುದು.”

ವಿಳಾಸ ಕೇಳಿದಾಗ, ಆಫೀಸಿನದು ಎಷ್ಟನೆಯ ಬ್ಲಾಕು ಎಂಬುದು ಸಮಯಕ್ಕೆ ನೆನಪಾಗದೆ ಮನೆಯದನ್ನೇ ಹೇಳಿದಳು. ಯಂತ್ರ ಗುರ್ರೆಂದು ಬ್ಯಾಡ್ಜ್ ಉಗುಳಿತು. ಸಾಲಿನಲ್ಲಿ ಮುಂದಿದ್ದವರ ಕೊರಳಿಗೆಲ್ಲ ನೀಲಿ ಪಟ್ಟಿ ಬಿದ್ದಿತ್ತು. ಇವಳ ಕೊರಳಿಗೆ ಬಂಗಾರದ ಬಣ್ಣದ್ದು. ನೀಲಿ ಮುಗಿದಿರಬೇಕೆಂದು ಅವಳು ಅಂದುಕೊಂಡಳು.

ಆ ಸಭೆಯಲ್ಲಿ ಬಣ್ಣಕ್ಕೊಂದು ಅರ್ಥವಿತ್ತು. ನೀಲಿಯವರು ಕಲಿಯಲು ಬಂದವರು, ಹಸಿರಿನವರು ಕೆಲಸ ಹುಡುಕಲು ಬಂದವರು, ಕೆಂಪಿನವರು ಭಾಷಣಕಾರರು. ಬಂಗಾರದವರು ಕೊಳ್ಳುವವರು. ಇದು ಬಾಗಿಲು ಕಾಯುವವನಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಬಂಗಾರದ ಪಟ್ಟಿ ತೊಟ್ಟ ದೂರಿನಕ್ಕನೊಬ್ಬಳಿಗೆ.

ಸ್ಟಾಲುಗಳ ಸಾಲಿಗೆ ಕಾಲಿಟ್ಟದ್ದೇ ತಡ, ಬೆಲ್ಲದಚ್ಚಿಗೆ ಇರುವೆ ಮುತ್ತಿದ ಹಾಗೆ ಮಾರಾಟದವರು ಮುತ್ತಿದರು. ಒಬ್ಬ ಕುರ್ಚಿ ಎಳೆದ, ಒಬ್ಬಳು ಕಾಫಿ ಹಿಡಿದಳು, ಇನ್ನೊಬ್ಬ ಬೀಸಣಿಗೆಯಂತೆ ಕರಪತ್ರ ಬೀಸುತ್ತ ನಿಂತ. ಎಲ್ಲರಿಗಿಂತ ಮುಂದೆ ನುಗ್ಗಿದವನು ಕಿವಿಯವರೆಗೂ ನಗುವ ಒಬ್ಬ ಟೈಯವನು. ಅವನ ಕಂಪನಿ, ಆಫೀಸಿನಲ್ಲಿ ಯಾರು ಯಾವ ಕೆಲಸ ಮಾಡುತ್ತಿದ್ದಾರೆ, ಯಾವುದು ತಡವಾಗಿದೆ ಎಂಬುದನ್ನೆಲ್ಲ ಬಣ್ಣಬಣ್ಣದ ಪಟ್ಟೆಗಳಲ್ಲಿ ತೋರಿಸುವ ಸಾಫ್ಟ್‌ವೇರ್ ಮಾರುತ್ತಿತ್ತು.

“ಹೇಗನ್ನಿಸ್ತು ಮೇಡಂ?”

ದೂರಿನಕ್ಕ ಸಾಹೇಬರ ಮಾತಿನಂತೆ ತಲೆ ಆಡಿಸಿದಳು.

“ಹಾಗಾದ್ರೆ ತಗೊಳ್ತೀರಾ?”

ದೂರಿನಕ್ಕ ಸಾಹೇಬರ ಮಾತಿನಂತೆ ಬಾಯಿ ಮುಚ್ಚಿದಳು.

ಮಾರಾಟದ ಲೋಕದಲ್ಲಿ ಕೊಳ್ಳುವವರ ಮೌನಕ್ಕಿಂತ ದೊಡ್ಡ ಗುಡುಗಿಲ್ಲ. ಟೈಯವನ ಹಣೆಯಲ್ಲಿ ಬೆವರು ಕಾಣಿಸಿತು. “ಹತ್ತು ಪರ್ಸೆಂಟ್ ಬಿಡ್ತೀವಿ,” ಎಂದ. ದೂರಿನಕ್ಕ ಕಾಫಿ ಲೋಟ ಕೆಳಗಿಟ್ಟಳು. “ಇಪ್ಪತ್ತು!” ಎಂದ. ಅವಳಿಗೆ ಎಸಿಯ ತಂಪಿಗೆ ಸೀನು ಬಂತು. “ಆಯ್ತು ಮೇಡಂ, ಮೂವತ್ತು. ಇನ್ನು ಇಳಿದ್ರೆ ನನ್ನ ಕೆಲಸ ಹೋಗುತ್ತೆ,” ಎಂದು ಕೈಮುಗಿದ.

“ಅಯ್ಯೋ, ಕೆಲಸ ಕಳ್ಕೋಬೇಡಪ್ಪ,” ಎಂದು ದೂರಿನಕ್ಕ ಅಲ್ಲಿಂದ ಎದ್ದಳು. ಇದು ಚೌಕಾಸಿಯ ಹೊಸ ವರಸೆ ಎಂದು ಅಕ್ಕಪಕ್ಕದ ಸ್ಟಾಲಿನವರು ಮಾತಾಡಿಕೊಂಡರು. ಸಂಜೆ ಪರಿಚಯ ಬೆಳೆಸುವ ಕೂಟ. ಅಲ್ಲಿ ಅವಳ ಚೀಲದೊಳಗೆ ಎಷ್ಟು ವಿಸಿಟಿಂಗ್ ಕಾರ್ಡು ಬಿತ್ತೆಂದರೆ, ಕನ್ನಡಕ ಹುಡುಕಲು ಚೀಲವನ್ನು ಬೋರಲು ಹಾಕಬೇಕಾಯಿತು. ಬಿದ್ದ ಕಾರ್ಡುಗಳನ್ನು ಆಯ್ದುಕೊಡಲು ಹಸಿರು ಪಟ್ಟಿಯ ಇಬ್ಬರು ಮಂಡಿಯೂರಿದರು. ಆಯ್ದುಕೊಟ್ಟ ಮೇಲೆ ತಮ್ಮವನ್ನೂ ಸೇರಿಸಿದರು.

ಎರಡನೆಯ ದಿನ ಬಂಗಾರದವರಿಗೆ ಬೇರೆಯೇ ಊಟದ ಕೋಣೆ. ಮೆತ್ತನೆಯ ಕುರ್ಚಿ, ಬಟ್ಟೆಯ ಕರವಸ್ತ್ರ, ದುಂಡು ಮೇಜು. ಮೇಜಿನ ಸುತ್ತ ಎಂಟು ಜನ ಮಹಾ ಗಂಭೀರವಾಗಿ ಕೂತಿದ್ದರು.

“ತೀರ್ಮಾನದ ಹೊರೆ ಅಂದ್ರೆ ಸಾಮಾನ್ಯ ಅಲ್ಲ,” ಎಂದರು ಗಡ್ಡದ ಒಬ್ಬರು.

“ರಾತ್ರಿ ನಿದ್ದೆ ಬಂದ್ರೆ ಕೇಳಿ,” ಎಂದಳು ದಪ್ಪ ಕನ್ನಡಕದ ಹೆಂಗಸು.

ಆಗ ಏರ್ಪಾಡು ಮಾಡಿದವನೊಬ್ಬ ಮೈಕು ಹಿಡಿದು ಬಂದ. “ನೀವೆಲ್ಲ ನಿಮ್ಮ ನಿಮ್ಮ ಸಂಸ್ಥೇಲಿ ಕೊನೇ ಮಾತು ಹೇಳೋರು. ಅದಕ್ಕೇ ಈ ಬಂಗಾರದ ಪಟ್ಟಿ. ಈ ವರ್ಷ ಮಾಡಿದ ಅತಿ ದೊಡ್ಡ ತೀರ್ಮಾನ ಯಾವುದು, ಒಬ್ಬೊಬ್ಬರೇ ಹೇಳ್ಬೇಕು. ಮೈಕು ಒಂದು ಸುತ್ತು ಬರುತ್ತೆ,” ಎಂದು ಅದನ್ನು ಮೇಜಿನ ಮೇಲಿಟ್ಟು ಇನ್ನೊಂದು ಮೇಜಿಗೆ ಓಡಿದ.

ಚಮಚಗಳೆಲ್ಲ ಗಾಳಿಯಲ್ಲಿ ನಿಂತವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಎಂಟೂ ಜನ ತಂತಮ್ಮ ಕೊರಳಿನ ಪಟ್ಟಿ ಮುಟ್ಟಿಕೊಂಡರು. ಮೈಕು ಗಡ್ಡದವರ ಮುಂದಿತ್ತು. ಅವರು ಅದನ್ನು ದೂರಿನಕ್ಕನ ಕಡೆ ಸರಿಸಿದರು. ದೂರಿನಕ್ಕ ಕನ್ನಡಕದವಳ ಕಡೆ ಸರಿಸಿದಳು. ಹೀಗೆ ಅದು ಮಾತಿಲ್ಲದೆ ಮೇಜು ಸುತ್ತಿ ಗಡ್ಡದವರ ಹತ್ತಿರವೇ ಬಂದು ನಿಂತಿತು.

“ಏನ್ ಮುಚ್ಚಿಡೋದು,” ಎಂದರು ಅವರು, ಮೈಕಿನ ಬಾಯಿಗೆ ಕರವಸ್ತ್ರ ಹೊದಿಸಿ. “ಇಲ್ಲಿಗೆ ಬರಬೇಕು ಅಂತ ತೀರ್ಮಾನ ಮಾಡ್ದೆ. ಅದನ್ನೂ ನಮ್ಮ ಮ್ಯಾನೇಜರು ಬೇಡ ಅಂದಿದ್ರು.”

“ನಮ್ಮಲ್ಲಿ ಪೆನ್ನು ಬೇಕಂದ್ರೂ ಮೂರು ಜನ ಸಹಿ ಹಾಕ್ಬೇಕು,” ಎಂದಳು ಕನ್ನಡಕದವಳು. “ಬಂಗಾರದವರಿಗೆ ಊಟ ಚೆನ್ನಾಗಿರುತ್ತೆ ಅಂತ ಹೋದ ವರ್ಷ ಬಂದೋರು ಹೇಳಿದ್ರು.”

ಮೇಜು ತುಂಬ ನಗು ಉಕ್ಕಿತು. ನಗದವಳು ದೂರಿನಕ್ಕ ಒಬ್ಬಳೇ. “ಹಾಗಾದ್ರೆ ಇದು ಕೊಳ್ಳೋರ ಪಟ್ಟಿನಾ? ನಮ್ಮ ಸಾಹೇಬರಿಗೆ ಗೊತ್ತಾದ್ರೆ ನನ್ನ ಖಾಯಂ ಹೋಯ್ತು! ಈಗ್ಲೇ ವಾಪಸ್ ಕೊಟ್ಬರ್ತೀನಿ,” ಎಂದು ಎದ್ದಳು.

“ಕೊಟ್ರೆ ಸಿಹಿ ಸಿಗಲ್ಲ,” ಎಂದಳು ಕನ್ನಡಕದವಳು. “ಇನ್ನೂ ಬಡಿಸಿಲ್ಲ. ಕೂತ್ಕೊಳ್ಳಿ.”

ದೂರಿನಕ್ಕ ಕೂತಳು. ಸತ್ಯದ ಪಕ್ಷ ಹಿಡಿದು ಹೇಳುವುದಾದರೆ, ಎರಡು ಸಲ ಬಡಿಸಿಕೊಂಡಳು.

ಪಟ್ಟಿ ಮರಳಿಸಿದರೆ ಮುಗಿಯಿತು ಎಂದುಕೊಂಡದ್ದು ಅವಳ ಮುಗ್ಧತೆ. ಭಾನುವಾರ ಬೆಳಿಗ್ಗೆ ಅವಳು ಬಚ್ಚಲಲ್ಲಿ ತಲೆಗೆ ನೀರೆರೆದುಕೊಳ್ಳುತ್ತಿರುವಾಗ, ಆ ಟೈಯವನು ಹೂಗುಚ್ಛ ಹಿಡಿದು ಅವಳ ಮನೆಯ ಕಟ್ಟಡದ ಕೆಳಗೆ ಇಳಿದ. ಎದುರಿಗೆ ಸಿಕ್ಕವರು ಕಟ್ಟಡ ಸಂಘದ ಕಾರ್ಯದರ್ಶಿಗಳು.

“ಅಂತಿಮ ತೀರ್ಮಾನ ಮಾಡೋ ಮೇಡಂ ಮನೆ ಯಾವುದು ಸಾರ್?” ಎಂದು ಅವನು ವಿಳಾಸ ತೋರಿಸಿದ.

ಕಾರ್ಯದರ್ಶಿ ವಿಳಾಸ ನೋಡಿದರು, ಅವನನ್ನು ನೋಡಿದರು. “ಈ ಮನೇಲಿ? ಅಂತಿಮ ತೀರ್ಮಾನ? ಬನ್ನಿ ಬನ್ನಿ, ನಾನೂ ಬರ್ತೀನಿ,” ಎಂದು ಮೆಟ್ಟಿಲು ಹತ್ತಿದರು. ಸದ್ದು ಕೇಳಿ ಎದುರು ಮನೆಯಾಕೆ ಬಾಗಿಲು ತೆರೆದು, ತೆರೆದದ್ದಕ್ಕೆ ಕಾರಣ ಬೇಕಲ್ಲ ಎಂದು ಪೊರಕೆ ಹಿಡಿದು ನಿಂತಳು.

ಬಾಗಿಲು ತೆರೆದವನು ಗಂಡ.

“ನಮಸ್ಕಾರ ಸಾರ್. ಅಂತಿಮ ತೀರ್ಮಾನ ಮಾಡೋರು ಇದಾರಾ?”

ಗಂಡ ಅರೆಗಳಿಗೆಯೂ ಯೋಚಿಸಲಿಲ್ಲ. ಒಳಗೆ ತಿರುಗಿ ಕೂಗಿದ: “ಅಮ್ಮಾ! ನಿನ್ನನ್ನ ಕೇಳ್ಕೊಂಡು ಯಾರೋ ಬಂದಿದಾರೆ!”

ಅತ್ತೆ ಕನ್ನಡಕ ಸರಿಮಾಡಿಕೊಳ್ಳುತ್ತ ಬಂದು ಕುರ್ಚಿಯಲ್ಲಿ ಕೂತರು. ಹಿರಿಯರನ್ನು ಕಂಡು ಟೈಯವನ ಉತ್ಸಾಹ ಇಮ್ಮಡಿಸಿತು: ಮೇಡಂಗೂ ಮೇಲಿನವರು! ಮೇಡಂಗೆ ಹೇಳಿದ ಮೂವತ್ತು ಪರ್ಸೆಂಟನ್ನು ಅವರಿಗೂ ಹೇಳಿ, ಲ್ಯಾಪ್‌ಟಾಪ್ ತೆರೆದು ಬಣ್ಣದ ಪಟ್ಟೆಗಳನ್ನು ತೋರಿಸಿದ.

“ಇದೇನು ಮಾಡುತ್ತಪ್ಪ?”

“ಯಾರು ಯಾವ ಕೆಲಸ ಮಾಡ್ತಿದಾರೆ, ಯಾರು ತಡ ಮಾಡ್ತಿದಾರೆ, ಎಲ್ಲಾ ಗೊತ್ತಾಗುತ್ತೆ ಅಮ್ಮ.”

ಅತ್ತೆ ಮುಂದಕ್ಕೆ ಬಾಗಿದರು. “ಇವನು ಭಾನುವಾರ ಎಷ್ಟು ಹೊತ್ತಿಗೆ ಎದ್ದ ಅಂತ ಕಾಣುತ್ತಾ?”

“ಕಾಣುತ್ತೆ ಅಮ್ಮ. ತಡ ಆದ್ರೆ ಕೆಂಪು.”

“ಮಗಳು ನಂಗೆ ಫೋನ್ ಮಾಡ್ತೀನಿ ಅಂದು ಮಾಡ್ದೇ ಇದ್ದದ್ದು?”

“ಅದೂ ಕೆಂಪು.”

“ಅಮ್ಮಾ...” ಎಂದ ಗಂಡ ಕ್ಷೀಣವಾಗಿ.

“ನೀನು ಸುಮ್ನಿರು. ಎಷ್ಟಕ್ಕೆ ಕೊಡ್ತಿಯಪ್ಪ? ಮೂವತ್ತು ಬಿಡ್ತೀನಿ ಅಂತಿದೀಯ, ಅರ್ಧ ಬಿಡು. ಬಿಟ್ರೆ ಆಯ್ತು ಅನ್ನು, ಇಲ್ಲಾಂದ್ರೆ ಆ ಹೂವು ಇಟ್ಟು ಹೋಗು.”

ಟೈಯವನು ಹೊರಗೆ ಹೋಗಿ ಫೋನಿನಲ್ಲಿ ಯಾರೊಂದಿಗೋ ಗೋಳಾಡಿ ಬಂದು, “ಆಯ್ತಮ್ಮ,” ಎಂದ. ದೂರಿನಕ್ಕ ತಲೆಗೆ ಟವೆಲು ಸುತ್ತಿಕೊಂಡು ಹೊರಬರುವಷ್ಟರಲ್ಲಿ, ಐದು ಸಾವಿರ ಜನರಿಗೆ ಸಾಕಾಗುವಷ್ಟು ಸಾಫ್ಟ್‌ವೇರನ್ನು ಅವಳ ಕಂಪನಿಯ ಪರವಾಗಿ ಅವಳ ಅತ್ತೆ ಕೊಂಡಾಗಿತ್ತು. ಟೈಯವನು ಮೆಟ್ಟಿಲಿಳಿದಾಗಿತ್ತು.

ನಡೆದದ್ದನ್ನು ಗಂಡ ವಿವರಿಸಿದ. ದೂರಿನಕ್ಕ ತಾನು ಮಾಡಿದ್ದನ್ನು ವಿವರಿಸಿದಳು. ಅತ್ತೆಗೆ ಬೇರೆಲ್ಲ ಬಿಟ್ಟು ಒಂದೇ ಮಾತು ಹಿಡಿಯಿತು.

“ಅಂತಿಮ ತೀರ್ಮಾನ ನಿಂದಾ? ಯಾವಾಗಿಂದ?”

“ಈ ಕಟ್ಟಡದಲ್ಲಿ ಲಿಫ್ಟು ಕೆಟ್ಟು ಎಷ್ಟು ತಿಂಗಳಾಯ್ತು ಗೊತ್ತಲ್ಲ,” ಎಂದರು ಬಾಗಿಲಲ್ಲೇ ನಿಂತಿದ್ದ ಕಾರ್ಯದರ್ಶಿ. “ಹಳೇದೇ ರಿಪೇರಿ ಮಾಡಿಸೋದಾ, ಹೊಸದು ಹಾಕಿಸೋದಾ? ನಿಮ್ಮಂಥೋರು ಒಂದು ಮಾತು ಹೇಳಿದ್ರೆ...”

“ಹೊಸದು ಅನ್ನಿ ಅಕ್ಕ!” ಎಂದಳು ಎದುರು ಮನೆಯಾಕೆ, ಪೊರಕೆ ಎತ್ತಿ.

ದೂರಿನಕ್ಕ ಬಾಗಿಲು ಹಾಕಿಕೊಂಡಳು.

ಮರುದಿನ ಸೋಮವಾರ, ತಿಂಗಳ ಕೊನೆಯ ದಿನ. ಸಾಹೇಬರಿಗೆ ತಾನೇ ಮೊದಲು ಹೇಳಿಬಿಡಬೇಕೆಂದು ದೂರಿನಕ್ಕ ಬೇಗ ಹೋದಳು. ಟೈಯವನು ಅವಳಿಗಿಂತ ಬೇಗ ಬಂದಿದ್ದ. ಜೊತೆಗೆ ಅವನ ಮೇಲಧಿಕಾರಿ, ಒಬ್ಬ ಫೋಟೋಗ್ರಾಫರ್, ಮತ್ತು ಸೈಕಲ್ ಚಕ್ರದಗಲದ ಒಂದು ಕೇಕು. ಸುತ್ತ ಇಡೀ ಕಂಪನಿ ನೆರೆದಿತ್ತು, ಎಂದರೆ ನಲವತ್ತು ಜನ.

“ಯಾರು ಒಪ್ಪಿದ್ದು?” ಎನ್ನುತ್ತಿದ್ದರು ದೊಡ್ಡ ಸಾಹೇಬರು, ಗೋಡೆಗೆ ಒರಗಿ.

“ಮೇಡಂ ಅವರ ಅತ್ತೆಯವರು ಸಾರ್.”

“ಅತ್ತೆಯವರು ನಮ್ಮ ಸಿಬ್ಬಂದಿಯಲ್ಲ,” ಎಂದರು ಸಿಬ್ಬಂದಿ ವಿಭಾಗದ ಹೆಂಗಸು. ನಿಯಮ ಬಿಟ್ಟು ಉಸಿರೂ ಆಡದವರು ಅವರು.

“ನಾನು ಹೋಗಿದ್ರೆ ಹೀಗಾಗ್ತಿತ್ತಾ?” ಎಂದ ಉದ್ದದ ಮ್ಯಾನೇಜರು.

“ನೀನು ಹೋಗಿದ್ರೆ ನಿನ್ನ ಅಜ್ಜಿ ಕೊಳ್ತಿದ್ರು,” ಎಂದ ಗಿಡ್ಡದವನು.

“ಅಕ್ಕ, ಒಳಗೆ ಬನ್ನಿ,” ಎಂದರು ಸಾಹೇಬರು.

ದೂರಿನಕ್ಕ ಒಳಗೆ ಹೋದಳು. ಸಾಹೇಬರು ಬಾಗಿಲು ಹಾಕಿ, ಕಿಟಕಿಯ ಪರದೆಯನ್ನೂ ಎಳೆದರು. ಅವಳ ಕಿವಿಯಲ್ಲಿ ಆಗಲೇ ಹಳೆಯ ಫೋನು ರಿಂಗಣಿಸತೊಡಗಿತ್ತು. ಸಾಲು, ಉಸ್ಸಪ್ಪಾ, ಬಂಗಾರದ ಪಟ್ಟಿ, ಸೀನು, ಸಿಹಿ, ಬಚ್ಚಲು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

 ಸಾಹೇಬರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಪಿಸುಗುಟ್ಟಿದರು.

“ಅಂತಿಮ ತೀರ್ಮಾನ ನನ್ನದೇ ಅಂದ್ರಲ್ಲ... ಅಂದಾಗ ಏನೂ ಆಗ್ಲಿಲ್ವಾ? ಹೊಟ್ಟೆ ತೊಳಸೋದು, ಕಣ್ಣು ಕತ್ತಲೆ ಬರೋದು?”

“ಇಲ್ಲ ಸಾರ್. ಖುಷಿ ಆಯ್ತು.”

“ಖುಷಿ!” ಎಂದರು ಸಾಹೇಬರು, ಯಾರೋ ಬೆಂಕಿ ನುಂಗಿದೆ ಎಂದಾಗ ನೋಡುವ ಹಾಗೆ ನೋಡುತ್ತ. ಮೇಜಿನ ಮೇಲಿನ ಕಾಗದದ ರಾಶಿಯನ್ನು ಹುಷಾರಾಗಿ ಅವಳ ಕಡೆ ತಳ್ಳಿದರು. “ಅಕ್ಕ, ಹಾಗಾದ್ರೆ ‘ಮುಂದೆ’ ಗುಂಡಿ... ಎಡಕ್ಕಾ, ಬಲಕ್ಕಾ?”

“ಬಲಕ್ಕಿರ್ಲಿ ಸಾರ್.”

“ಯಾಕೆ?”

“ಎಲ್ಲಾದ್ರೂ ಇರ್ಬೇಕಲ್ಲ ಸಾರ್. ಮೂಗಿನ ಮೇಲೆ ಬೇಡ.”

ಎರಡು ವರ್ಷದ ಭಾರ ಇಳಿದ ಸಾಹೇಬರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಅವರು ನಿದ್ದೆಹೋದರೇನೋ ಎಂದು ದೂರಿನಕ್ಕ ಹೆದರಿದಳು. ಅವರು ಕಣ್ಣು ತೆರೆದದ್ದು ಬಾಗಿಲು ತೆಗೆಯುವುದಕ್ಕೆ.

“ಇನ್ಮೇಲೆ ನಮ್ಮಲ್ಲಿ ಅಂತಿಮ ತೀರ್ಮಾನ ಅಕ್ಕಂದೇ,” ಎಂದು ಹೊರಗಿನವರಿಗೆಲ್ಲ ಕೇಳುವಂತೆ ಸಾರಿದರು. ಅದು ಅವರ ಜೀವಮಾನದ ಮೊದಲ ತೀರ್ಮಾನವಾಗಿತ್ತು.

ಟೈಯವನು ಕೇಕಿನೊಂದಿಗೆ ಮುಂದೆ ಬಂದ. ದೂರಿನಕ್ಕ ಅವನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡಳು. “ನೋಡಪ್ಪ, ನಮ್ಮಲ್ಲಿರೋದು ನಲವತ್ತು ಜನ. ನಿಂದು ನಮಗೆ ಬೇಡ. ನನ್ನಿಂದ ತಪ್ಪಾಯ್ತು.”

ಟೈಯವನ ಮುಖ ಸಣ್ಣಗಾಯಿತು. ಆದರೆ ಅವನ ಮೇಲಧಿಕಾರಿ ಎರಡೂ ಕೈಯಿಂದ ದೂರಿನಕ್ಕನ ಕೈ ಹಿಡಿದುಕೊಂಡರು. “ಬದುಕಿಸಿದ್ರಿ ಮೇಡಂ! ಮೂವತ್ತು ಜನ ಒಟ್ಟಿಗೆ ತೆರೆದ್ರೆ ನಮ್ಮದು ನಿಂತೇ ಹೋಗುತ್ತೆ. ಐದು ಸಾವಿರ ಅಂದಾಗಿಂದ ನಮ್ಮ ಇಂಜಿನಿಯರುಗಳು ಊಟ ಬಿಟ್ಟಿದಾರೆ. ಅತ್ತೆಯವರಿಗೊಂದು ಬಿಟ್ಟಿಯಾಗಿ ಕೊಡ್ತೀವಿ, ಇಟ್ಕೊಳ್ಳಿ.”

ಅಲ್ಲಿಂದ ಮುಂದೆ ದೂರಿನಕ್ಕನ ಮೇಜಿನ ಮುಂದೆ ಸಾಲು ಬೆಳೆಯಿತು. ಗೋಡೆಗೆ ಯಾವ ಬಣ್ಣ, ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ, ಮುಂದಿನ ಕಾನ್ಫರೆನ್ಸಿಗೆ ಉದ್ದವೋ ಗಿಡ್ಡವೋ. ಕೇಕು ತಿನ್ನುತ್ತ ತಿನ್ನುತ್ತ ಒಂದೊಂದನ್ನೇ ಮುಗಿಸಿದಳು. ಸರಿಯೋ ತಪ್ಪೋ ಯಾರೂ ಕೇಳಲಿಲ್ಲ. ಮುಗಿಯಿತಲ್ಲ ಎಂಬ ಸಂತೋಷವೇ ಎಲ್ಲರಿಗೂ ಸಾಕಾಗಿತ್ತು.

ಸಂಜೆಗೆ ಸಿಬ್ಬಂದಿ ವಿಭಾಗದ ಹೆಂಗಸು ಒಂದು ಹಾಳೆ ಹಿಡಿದು ಸಾಹೇಬರ ಹತ್ತಿರ ಬಂದರು. “ಇವರ ಖಾಯಂ ವಿಷಯ. ಇವತ್ತೇ ಕಡೆ ದಿನ. ಸಹಿ ಹಾಕಿ.”

ಸಾಹೇಬರು ಹಾವು ಕಂಡಂತೆ ಕೈ ಹಿಂದೆಗೆದರು. “ನಂಗ್ಯಾಕೆ? ಅಕ್ಕಂಗೆ ಕೊಡಿ.”

“ತಮ್ಮನ್ನ ತಾವೇ ಖಾಯಂ ಮಾಡ್ಕೊಳ್ಳೋದುಂಟಾ ಸಾರ್? ನಿಯಮ ಅಂತ ಒಂದಿದೆ!”

“ನಿಯಮದಲ್ಲಿ ಏನಿದೆ, ಓದಿ.”

ಆಕೆ ಓದಿದರು: “ಅಂತಿಮ ತೀರ್ಮಾನದ ಅಧಿಕಾರ ಉಳ್ಳವರು ಸಹಿ ಮಾಡತಕ್ಕದ್ದು.” ಓದಿ ಮುಗಿಸಿದ ಮೇಲೆ ಮತ್ತೊಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ಪೂಜಾರಿಯ ಕೈಯಲ್ಲಿದ್ದ ಗ್ರಂಥವೇ ಪೂಜಾರಿಯನ್ನು ಕಟ್ಟಿಹಾಕಿತ್ತು. ಹಾಳೆ ದೂರಿನಕ್ಕನ ಮುಂದೆ ಬಂತು.

ಗುಂಡಿ, ಗೋಡೆ, ಕಿಟಕಿಗಳನ್ನೆಲ್ಲ ಚಿಟಿಕೆ ಹೊಡೆದು ಮುಗಿಸಿದವಳ ಪೆನ್ನು ಈಗ ನಿಂತಿತು. ಸುತ್ತ ಜನ ಸೇರಿದರು.

“ಇನ್ನಾರು ತಿಂಗಳು ಹೋಗ್ಲಿ ಅಕ್ಕ, ಚೆನ್ನಾಗಿ ಕಾಣುತ್ತೆ,” ಎಂದ ಉದ್ದದವನು.

“ಒಂದ್ಸಲ ಮನೇಲಿ ಕೇಳ್ಬಿಡಿ,” ಎಂದ ಗಿಡ್ಡದವನು.

ಅಷ್ಟು ಹೊತ್ತಿಗೆ ಗಂಡನ ಫೋನು ಬಂತು. “ಅಮ್ಮ ಕೇಳ್ತಿದಾಳೆ, ಖಾಯಂ ಆಯ್ತಾ ಅಂತ. ಆಗ್ದಿದ್ರೆ ತಾನೇ ಬಂದು ಮಾತಾಡ್ತಾಳಂತೆ.”

“ಬೇಡ ಅನ್ನಿ. ಇದು ನಾನು ಮಾಡೋದು,” ಎಂದು ದೂರಿನಕ್ಕ ಫೋನಿಟ್ಟಳು. ಹಾಳೆಯನ್ನು ನೇರ ಮಾಡಿಕೊಂಡಳು. ಸಾಹೇಬರು ಕಣ್ಣು ಮುಚ್ಚಿಕೊಂಡರು. ಅವಳು ತನ್ನ ಹೆಸರನ್ನು ಇಷ್ಟಗಲ ಬರೆದು, ಕೆಳಗೊಂದು ಗೆರೆ ಎಳೆದು, ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದಳು.

“ಆಯ್ತಾ?” ಎಂದರು ಸಾಹೇಬರು, ಒಂದೇ ಕಣ್ಣು ತೆರೆದು.

“ಆಯ್ತು ಸಾರ್.”

ಸಾಹೇಬರು ಎದ್ದರು. ಕೋಟು ತೊಟ್ಟರು, ಚೀಲ ಹಿಡಿದರು, ಬಾಗಿಲವರೆಗೆ ಹೋದರು. ಅಲ್ಲಿ ನಿಂತು ಗಡಿಯಾರ ನೋಡಿದರು, ಹೊರಗಿನ ಬಿಸಿಲು ನೋಡಿದರು, ಎಡಗಾಲು ಮುಂದಿಟ್ಟು ಹಿಂದೆಗೆದರು. ಕೊನೆಗೆ ದೂರಿನಕ್ಕನ ಮೇಜಿನ ಹತ್ತಿರ ವಾಪಸು ಬಂದು, ಯಾರಿಗೂ ಕೇಳಿಸದ ಹಾಗೆ ಬಗ್ಗಿ ಕೇಳಿದರು.

“ಅಕ್ಕ, ನಾನಿನ್ನು ಮನೆಗೆ ಹೊರಡ್ಲಾ?”

“ಹೊರಡಿ ಸಾರ್,” ಎಂದಳು ದೂರಿನಕ್ಕ. “ನಾಳೆ ಸ್ವಲ್ಪ ಬೇಗ ಬನ್ನಿ.”